ಬ್ರೇಕ್ ಮೇಷ್ಟ್ರ ಬಲಗಾಲು

ಬೇರೆಯವರಿಗೆ ಸಾವು ಅನ್ನೋದು ಒಂದೇ ಸಲ ಬರುತ್ತದೆ. ಡ್ರೈವಿಂಗ್ ಕಲಿಸುವವರಿಗೆ ಹಾಗಲ್ಲ. ದಿನಕ್ಕೆ ಆರೇಳು ಸಲ ಎದುರಿಗೆ ಬಂದು, ಮುಖ ತೋರಿಸಿ, ಇವತ್ತು ಬೇಡ ಬಿಡಪ್ಪ ಅಂತ ಹೊರಟುಹೋಗುತ್ತದೆ. ಬ್ರೇಕ್ ಮೇಷ್ಟ್ರಿಗೆ ಈ ನೆಂಟನ ಜೊತೆ ಇಪ್ಪತ್ತು ವರ್ಷಕ್ಕೂ ಮೀರಿದ ಒಡನಾಟ. ಅಷ್ಟು ವರ್ಷವೂ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದ್ದು ಅವರ ಬಲಗಾಲು.

ಕಲಿಯುವವರ ಕಾರಿನಲ್ಲಿ, ಓಡಿಸುವವರ ಕಾಲಡಿ ಇರುವ ಬ್ರೇಕ್ ಸಾಲದು ಅಂತ, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಡಿಯೂ ಇನ್ನೊಂದು ಇಟ್ಟಿರುತ್ತಾರೆ. ಅದು ಆಪತ್ಕಾಲಕ್ಕೆ. ಆದರೆ ನಮ್ಮ ಮೇಷ್ಟ್ರ ಲೆಕ್ಕದಲ್ಲಿ ಆಪತ್ಕಾಲ ಅಲ್ಲದ ಕಾಲವೇ ಇಲ್ಲ. ಮುಂದಿನ ಸೈಕಲ್ಲು ತಿರುಗಬಹುದು ಅನ್ನಿಸಿದರೆ ಒತ್ತಿದರು. ಮಲಗಿದ್ದ ನಾಯಿ ಎದ್ದು ನಿಂತರೆ ಒತ್ತಿದರು. ಓಡಿಸುತ್ತಿರುವವರು ಉಸಿರು ಎಳೆದುಕೊಂಡ ರೀತಿ ಸರಿಯಿಲ್ಲ ಅನ್ನಿಸಿದರೂ ಒತ್ತಿದರು. ತಪ್ಪು ಆಗುವ ಮೊದಲೇ ಅದರ ವಾಸನೆ ಹಿಡಿಯುವ ಕಾಲು ಅದು. ಹಾಗಾಗಿ ತಮ್ಮ ಕಾರಿಗೆ ಇವತ್ತಿನವರೆಗೆ ಒಂದು ಗೀರೂ ಬಿದ್ದಿಲ್ಲ ಅಂತ ಅವರಿಗೆ ಭಾರೀ ಹೆಮ್ಮೆ. ಅವರ ಕೈಯಲ್ಲಿ ಕಲಿತು ಹೋದವರ ಕಾರುಗಳ ಸಂಗತಿ ಬೇರೆ. ಅದನ್ನು ಊರಿನ ದೀಪದ ಕಂಬಗಳನ್ನೇ ಕೇಳಬೇಕು.

ಕಾಲೇನು ಕಾರಿನಲ್ಲಿ ಬಿಚ್ಚಿಟ್ಟು ಬರುವ ಸಾಮಾನೇ? ಮನೆಗೂ ಬರುತ್ತಿತ್ತು. ಹೆಂಡತಿ ಹೊಲಿಗೆ ಕೆಲಸದವರು. ಹೊಸ ಬಟ್ಟೆಗೆ ಕತ್ತರಿ ಹಾಕುವಾಗ ಅದು ಗೆರೆ ಬಿಟ್ಟು ಕೂದಲೆಳೆಯಷ್ಟು ಸರಿದರೆ ಸಾಕು, ಎದುರಿಗೆ ಪೇಪರ್ ಓದುತ್ತಾ ಕೂತ ಮೇಷ್ಟ್ರ ಕಾಲು ನೆಲಕ್ಕೆ ಧಡ್ ಅಂತ ಬೀಳುತ್ತಿತ್ತು. ನಾದಿನಿ ಊಟಕ್ಕೆ ಬಂದು, ಅಕ್ಕನ ಮುಂದೆ ಆಡಬಾರದ ಮಾತಿಗೆ ಬಾಯಿ ತೆರೆಯುವಷ್ಟರಲ್ಲೇ ಮೇಜಿನ ಕೆಳಗೆ ಧಡ್. ಕೆಳಗಿನ ಮನೆಯವರು ಮೊದಮೊದಲು ಮೇಲಕ್ಕೆ ಬಂದು ವಿಚಾರಿಸುತ್ತಿದ್ದರು. ಆಮೇಲೆ, ಮೇಲೆ ಯಾರೋ ಏನೋ ಎಡವಟ್ಟು ಮಾಡಿಕೊಂಡಿದ್ದಾರೆ ಅಂತ ಅಲ್ಲೇ ಕೂತು ತಿಳಿದುಕೊಂಡು ಸುಮ್ಮನಾಗುತ್ತಿದ್ದರು.

ಇಂಥ ಮನುಷ್ಯ ಪಿಯಾನೋಗೆ ಬಂದದ್ದು ಸಂಗೀತದ ಹುಚ್ಚಿನಿಂದಲ್ಲ, ರಕ್ತದೊತ್ತಡದಿಂದ. ಡಾಕ್ಟರು ಕೈಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಳ್ಳು ಏರಿದ ಜಾಗ ನೋಡಿ ತಮ್ಮದೇ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಮಾತ್ರೆ ಬರೆದುಕೊಟ್ಟು, ಜೊತೆಗೆ ಮನಸ್ಸಿಗೆ ನೆಮ್ಮದಿ ಕೊಡುವಂಥದ್ದು ಏನಾದರೂ ಕಲಿಯಿರಿ ಅಂದರು. ಮುಖ್ಯವಾಗಿ, ಎಲ್ಲಿಗೂ ಹೋಗದಂಥದ್ದು. ಕಾಲೇಜಿನಲ್ಲಿ ಸಂಜೆ ಹೊತ್ತು ಊರವರಿಗಾಗಿ ನಡೆಯುವ ತರಗತಿಗಳ ಹೆಸರುಗಳು ಬಾಗಿಲಿನ ಹಲಗೆಯ ಮೇಲಿದ್ದವು. ಮೇಷ್ಟ್ರು ಮೇಲಿನಿಂದ ಕೆಳಕ್ಕೆ ಓದಿ, ಕೂರಲು ಬೆಂಚಿದೆ, ಕಾಲಡಿ ಪೆಡಲ್ ಇದೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ, ನನಗೆ ಇದೇ ಸರಿ ಅಂತ ಪಿಯಾನೋ ಆರಿಸಿಕೊಂಡರು.

ಒಪ್ಪಿಕೊಳ್ಳಬೇಕಾದ ಮಾತು, ಮನುಷ್ಯ ಹಟವಾದಿ. ಬೆರಳುಗಳು ಸೌತೆಕಾಯಿಯಷ್ಟು ದಪ್ಪ, ಆದರೂ ಬಿಡಲಿಲ್ಲ. ಮೊದಲ ಹಂತ ದಾಟಿದರು, ಎರಡನೆಯದನ್ನು ಏದುಸಿರು ಬಿಡುತ್ತಾ ದಾಟಿದರು, ಮೇಲಿನ ತರಗತಿಗೆ ಬಂದು ಕೂತರು. ಮೇಲಿನ ತರಗತಿ ಅಂದರೆ ತಮಾಷೆಯಲ್ಲ. ಅದುವರೆಗೆ ಕಣ್ಣಿಗೇ ಬೀಳದ ಪುಟವನ್ನು ಎದುರಿಗಿಟ್ಟ ಕೂಡಲೇ ನುಡಿಸಬೇಕು. ಗೊತ್ತಿರುವ ಹಾಡನ್ನು ಹಾಗೇ ಎತ್ತಿ ಎರಡು ಸ್ವರ ಮೇಲಕ್ಕಿಟ್ಟು ನುಡಿಸಬೇಕು. ಬಲಗೈಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರಲ್ಲ, ಇಲ್ಲಿ ಗೊತ್ತಾಗದಿದ್ದರೆ ಮಾನ ಹೋಗುತ್ತದೆ.

ತರಗತಿ ನಡೆಯುವುದು ಹಿಂದೆ ಟೈಪಿಂಗ್ ಕಲಿಸುತ್ತಿದ್ದ ಕೋಣೆಯಲ್ಲಿ. ಎರಡು ಸಾಲು ಕರೆಂಟಿನ ಪಿಯಾನೋ, ಪ್ರತಿಯೊಂದಕ್ಕೂ ಹೆಡ್‌ಫೋನು. ಹೊರಗಿನವರು ಬಾಗಿಲಲ್ಲಿ ನಿಂತು ನೋಡಿದರೆ ಸಂಗೀತದ ಸುಳಿವೇ ಇಲ್ಲ. ಹತ್ತು ಜನ ತಲೆ ಆಡಿಸುತ್ತಾ, ಕಣ್ಣು ಮುಚ್ಚಿ, ಟಕಟಕ ಅಂತ ಬರೀ ಪ್ಲಾಸ್ಟಿಕ್ ಕುಟ್ಟುತ್ತಿರುತ್ತಾರೆ. ಮುಂದಿನ ಮೇಜಿನಲ್ಲಿ ಟೀಚರ್. ಮೇಷ್ಟ್ರಿಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಕಮ್ಮಿ. ಅವರ ಎದುರಿಗೆ ಗುಂಡಿಗಳ ಒಂದು ಪೆಟ್ಟಿಗೆ. ಯಾರ ಗುಂಡಿ ಒತ್ತಿದರೆ ಅವರ ವಾದನ ಟೀಚರ್ ಕಿವಿಗೆ, ಟೀಚರ್ ಮಾತು ಅವರ ಕಿವಿಗೆ. ಯಾವಾಗ ಯಾರ ಗುಂಡಿ ಒತ್ತುತ್ತಾರೆ ಅಂತ ದೇವರಿಗೇ ಗೊತ್ತು. ಹಾಗಾಗಿ ಟೀಚರ್ ಯಾರ ಕಡೆಗೆ ಮುಖ ತಿರುಗಿಸಿದರೂ ಅವರು ತಕ್ಷಣ ತಮಗೆ ಚೆನ್ನಾಗಿ ಬರುವ ಸಾಲಿಗೆ ಹಾರುತ್ತಿದ್ದರು.

ಮೇಷ್ಟ್ರ ವಿಷಯದಲ್ಲಿ ಈ ಗುಟ್ಟಿನ ಏರ್ಪಾಡು ಕೆಲಸ ಮಾಡಲಿಲ್ಲ. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ಎಷ್ಟು ಜೋರು ಅಂತ ಗೊತ್ತಾಗುವುದಿಲ್ಲವಲ್ಲ. ಟೀಚರ್ ಅವರ ಕಿವಿಯಲ್ಲಿ ಮೆಲ್ಲಗೆ, ಮೇಷ್ಟ್ರೇ ನಿಮ್ಮ ಕಾಲು, ಅನ್ನುತ್ತಿದ್ದರು. ಕೋಣೆಯ ನಿಶ್ಶಬ್ದದಲ್ಲಿ ಮೇಷ್ಟ್ರು ಇದ್ದಕ್ಕಿದ್ದಂತೆ, ತಪ್ಪಾಯ್ತು ಟೀಚರ್, ಅಂತ ಮಾರ್ಕೆಟ್ಟಿನಲ್ಲಿ ಕೂಗಿದ ಹಾಗೆ ಕೂಗುತ್ತಿದ್ದರು. ಪಕ್ಕದಲ್ಲಿ ಕೂತ ಹಲ್ಲಿನ ಡಾಕ್ಟರು ಬೆಚ್ಚಿಬಿದ್ದು ತಪ್ಪು ಕೀ ಒತ್ತುತ್ತಿದ್ದರು. ತಮ್ಮ ಕುರ್ಚಿಯಲ್ಲಿ ಎಷ್ಟು ಜನ ಹೀಗೆ ಬೆಚ್ಚಿಬಿದ್ದಿರಬಹುದು ಅಂತ ಅವರಿಗೆ ಆಗಲಾದರೂ ಹೊಳೆಯಿತೋ ಇಲ್ಲವೋ.

ಕಾಲಿನ ತಾಪತ್ರಯ ಏನಪ್ಪಾ ಅಂದರೆ, ಪಿಯಾನೋ ಮಾಡಿದವನು ಕಾರು ಮಾಡಿದವನಿಗೆ ಪೂರ್ತಿ ಉಲ್ಟಾ. ಕಾರಿನಲ್ಲಿ ಬಲಗಾಲಿಂದ ಬ್ರೇಕ್ ತುಳಿದರೆ ನಡೆಯುತ್ತಿದ್ದದ್ದು ನಿಲ್ಲುತ್ತದೆ. ಪಿಯಾನೋದಲ್ಲಿ ಬಲಗಾಲಿಂದ ಪೆಡಲ್ ತುಳಿದರೆ ನಿಲ್ಲಬೇಕಾದದ್ದೂ ನಿಲ್ಲುವುದಿಲ್ಲ. ಕೀ ಬಿಟ್ಟ ಮೇಲೂ ಸ್ವರ ಗುಂಯ್‌ಗುಡುತ್ತಾ ಉಳಿಯುತ್ತದೆ. ಹದವಾಗಿ ಒತ್ತಿ ಹದವಾಗಿ ಬಿಟ್ಟರೆ ಸೊಗಸು. ಮೇಷ್ಟ್ರ ಕಾಲಿಗೆ ಹದ ಅನ್ನುವ ಪದ ಗೊತ್ತಿಲ್ಲ. ತಪ್ಪು ಸ್ವರ ಕಿವಿಗೆ ಬಿತ್ತೋ, ಧಡ್. ಆ ತಪ್ಪು ನಿಲ್ಲುವ ಬದಲು ಎದೆ ಉಬ್ಬಿಸಿಕೊಂಡು ಊರೆಲ್ಲಾ ಸುತ್ತುತ್ತಿತ್ತು. ಹತ್ತು ಜನರೂ ತಪ್ಪು ಮಾಡುತ್ತಿದ್ದರು, ಆದರೆ ಮೇಷ್ಟ್ರ ತಪ್ಪಿನಷ್ಟು ಆಯುಸ್ಸು ಬೇರೆ ಯಾರ ತಪ್ಪಿಗೂ ಇರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಟೀಚರ್ ಕೂಡ ಬಿಟ್ಟುಬಿಟ್ಟಿದ್ದರು. ಒಬ್ಬರೇ ನುಡಿಸುವಷ್ಟು ದಿನ ಯಾರ ಗಂಟೂ ಹೋಗುವುದಿಲ್ಲವಲ್ಲ.

ಆ ವರ್ಷದ ಪರೀಕ್ಷೆಗೆ ಹೊಸ ನಿಯಮ ಬಂತು. ಒಬ್ಬೊಬ್ಬರೇ ನುಡಿಸುವುದರ ಜೊತೆಗೆ, ಇಬ್ಬರು ಒಂದೇ ಪಿಯಾನೋದ ಮುಂದೆ ಕೂತು ನಾಲ್ಕು ಕೈಯಲ್ಲಿ ಒಂದು ಹಾಡು ನುಡಿಸಬೇಕು. ಆ ಜೋಡಿ ಹಾಡಿನ ಅಂಕ ಇಬ್ಬರಿಗೂ ಒಂದೇ. ಬಿದ್ದರೆ ಇಬ್ಬರೂ ಬಿದ್ದಂತೆ. ಟೀಚರ್ ಜೋಡಿಗಳನ್ನು ಓದಿದಾಗ ಬ್ರೇಕ್ ಮೇಷ್ಟ್ರಿಗೆ ಜೊತೆಯಾದವಳು ಶಿಶುವಿಹಾರದ ಹುಡುಗಿ.

ಹುಡುಗಿ ಅಂದರೆ ಮೂವತ್ತರ ಹತ್ತಿರದವಳು, ಆದರೆ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಪುಟ್ಟ ಮಕ್ಕಳ ಶಾಲೆಯಲ್ಲಿ ಕೆಲಸ. ಪಿಯಾನೋ ಬಾರಿಸಿ ಮಕ್ಕಳನ್ನು ಕುಣಿಸುವುದು, ಕುಣಿದು ಬಿದ್ದವರನ್ನು ಎತ್ತುವುದು. ಇನ್ನೂ ತಾತ್ಕಾಲಿಕ. ಮೇಲಿನ ಹಂತದ ಪ್ರಮಾಣಪತ್ರ ತಂದರೆ ಈ ವರ್ಷ ಕಾಯಂ ಮಾಡುತ್ತೇವೆ, ಇಲ್ಲದಿದ್ದರೆ ಪತ್ರ ಇರುವ ಇನ್ನೊಬ್ಬರು ಕಾದಿದ್ದಾರೆ ಅಂತ ಶಾಲೆಯ ಮುಖ್ಯಸ್ಥೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅಕ್ಕನ ಮನೆಯ ಹಾಲ್‌ನಲ್ಲಿ, ಭಾವ ಟಿವಿ ಆರಿಸುವವರೆಗೆ ಕಾದು, ಸೋಫಾದ ಮೇಲೆ ಮಲಗುವವಳು ಅವಳು. ಕೆಲಸ ಕಾಯಂ ಆದರೆ ಒಂದು ಕೋಣೆ ಬಾಡಿಗೆಗೆ ಹಿಡಿಯಬಹುದು, ಬಾಗಿಲು ಹಾಕಿಕೊಂಡು ನಿದ್ದೆ ಮಾಡಬಹುದು. ಇಷ್ಟೇ ಅವಳ ಆಸೆ, ಇದೇನು ಚಂದ್ರನನ್ನು ಕೇಳಿದಂತಲ್ಲ.

ಮೇಷ್ಟ್ರಿಗೂ ಅವಳಿಗೂ ಹಳೇ ಪರಿಚಯ. ಎರಡು ವರ್ಷದ ಹಿಂದೆ ಅವರ ಕಾರಿನಲ್ಲೇ ಅವಳು ಡ್ರೈವಿಂಗ್ ಕಲಿತದ್ದು, ಕಲಿತು ಎರಡು ಸಲ ಟೆಸ್ಟಿನಲ್ಲಿ ಬಿದ್ದದ್ದು. ತರಗತಿಯಲ್ಲಿ ಅವಳು ಅಭ್ಯಾಸಬಲದಿಂದ ಮೇಷ್ಟ್ರೇ ಅಂತ ಕರೆದು ಕರೆದು ಈಗ ಎಲ್ಲರೂ ಹಾಗೇ ಕರೆಯುತ್ತಿದ್ದರು. ಹೀಗಾಗಿ ಇಡೀ ಕೋಣೆಯಲ್ಲಿ ಪಿಯಾನೋ ತೀರಾ ಕಮ್ಮಿ ಬರುವವರೇ ಮೇಷ್ಟ್ರು.

ನಾಲ್ಕು ಕೈಯ ಹಾಡಿನಲ್ಲಿ ಕೂರುವುದಕ್ಕೂ ಒಂದು ಕ್ರಮವಿದೆ. ಬಲಗಡೆ ಕೂತವರು ಮೇಲಿನ ಸ್ವರಗಳನ್ನು, ಅಂದರೆ ಹಾಡನ್ನು ನುಡಿಸುತ್ತಾರೆ. ಎಡಗಡೆಯವರು ಕೆಳಗಿನ ದಪ್ಪ ಸ್ವರಗಳಲ್ಲಿ ತಾಳ ಹಿಡಿದು ನಡೆಸುತ್ತಾರೆ. ಮತ್ತೆ ಪೆಡಲ್, ಇಬ್ಬರ ಪರವಾಗಿಯೂ, ಎಡಗಡೆಯವರ ಕಾಲಡಿ. ಟೀಚರ್ ಇದನ್ನು ಹೇಳುತ್ತಿದ್ದಂತೆ ಮೇಷ್ಟ್ರು ಲೆಕ್ಕ ಹಾಕಿದರು. ಪಕ್ಕದಲ್ಲಿ ಅದೇ ಹುಡುಗಿ ಓಡಿಸುತ್ತಾಳೆ. ಕಾಲಡಿ ಪೆಡಲ್ ತಮ್ಮದು. ಎರಡು ವರ್ಷ ಕಳೆದು, ಪಿಯಾನೋ ತರಗತಿಗೆ ಬಂದು, ಕೊನೆಗೆ ಅದೇ ಸೀಟಿನಲ್ಲಿ ಕೂತಿದ್ದರು.

ಮೊದಲ ದಿನದ ಅಭ್ಯಾಸ ಹೇಗಿತ್ತು ಅಂತ ಕೇಳಬೇಡಿ. ಒಂದು ಪಿಯಾನೋಗೆ ಎರಡು ಹೆಡ್‌ಫೋನು ಸಿಕ್ಕಿಸಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಮೂರನೇ ಸಾಲಿನಲ್ಲಿ ಅವಳ ಬೆರಳು ಒಂದು ಕೀ ಪಕ್ಕಕ್ಕೆ ಬಿತ್ತು. ಧಡ್. ಅವಳ ತಪ್ಪು ಸ್ವರ, ಮೇಷ್ಟ್ರ ದಪ್ಪ ಸ್ವರಗಳು, ಅದರ ಹಿಂದಿನದು, ಮುಂದಿನದು, ಎಲ್ಲವೂ ಒಂದೇ ಪಾತ್ರೆಯಲ್ಲಿ ಕಲಸಿಹೋಗಿ ಇಬ್ಬರ ಕಿವಿಯಲ್ಲೂ ಗೋಳೋ ಅಂದವು. ಅವಳು ಗಾಬರಿಯಾಗಿ ಇನ್ನೊಂದು ತಪ್ಪು ಮಾಡಿದಳು. ಕಾಲು ಇನ್ನಷ್ಟು ಒತ್ತಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು. ಟೀಚರ್ ಗುಂಡಿ ಒತ್ತಿ ಸ್ವಲ್ಪ ಹೊತ್ತು ಕೇಳಿ, ಏನೂ ಹೇಳದೆ ಕೈ ತೆಗೆದರು. ಬೈದಿದ್ದರೆ ಮೇಷ್ಟ್ರಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ತರಗತಿ ಮುಗಿದ ಮೇಲೆ ಅವರು ಟೀಚರ್ ಮೇಜಿನ ಹತ್ತಿರ ಹೋಗಿ ನಿಂತರು. ಹುಡುಗಿಯನ್ನು ಹಲ್ಲಿನ ಡಾಕ್ಟರ ಜೊತೆಗೆ ಹಾಕಿ, ನನ್ನಿಂದ ಅವಳ ಅನ್ನಕ್ಕೆ ಕಲ್ಲು ಬೀಳುವುದು ಬೇಡ ಅಂದರು. ಹೆಸರುಗಳು ಆಗಲೇ ಹೋಗಿಬಿಟ್ಟಿವೆ ಅಂದರು ಟೀಚರ್. ಹಾಗಾದರೆ ನಾನು ಬಲಗಡೆ ಕೂರುತ್ತೇನೆ, ಪೆಡಲ್ ಅವಳಿಗಿರಲಿ ಅಂದರು ಮೇಷ್ಟ್ರು. ಟೀಚರ್ ಅವರ ಬೆರಳುಗಳ ಕಡೆ ನೋಡಿದರು. ಮೇಲಿನ ಭಾಗದಲ್ಲಿ ಬೆರಳು ಓಡಬೇಕು ಮೇಷ್ಟ್ರೇ, ನಿಮ್ಮದು ನಡೆಯುತ್ತೆ ಅಷ್ಟೆ, ಅಂದರು. ಅದೂ ನಿಜವೇ. ಅತ್ತ ದರಿ, ಇತ್ತ ಪುಲಿ.

ಕಾಲಿಗೆ ಬುದ್ಧಿ ಹೇಳೋದು ಅಂದರೆ ಓಡಿಹೋಗೋದು ಅಂತ ಮಿಕ್ಕವರಿಗೆಲ್ಲ ಅರ್ಥ. ನಮ್ಮ ಮೇಷ್ಟ್ರು ಮನೆಯಲ್ಲಿ ಕುರ್ಚಿಯ ಮೇಲೆ ಕೂತು, ಬಲಗಾಲನ್ನು ಎದುರಿನ ಸ್ಟೂಲಿನ ಮೇಲಿಟ್ಟುಕೊಂಡು, ನಿಜವಾಗಿಯೇ ಬುದ್ಧಿ ಹೇಳತೊಡಗಿದರು. ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇದನ್ನು ಕೇಳಿಸಿಕೊಂಡು, ಬೂಟು ಬಿಚ್ಚಿಹಾಕಿ ನುಡಿಸಿ, ಬರಿಗಾಲಿಗೆ ಪೆಡಲ್ ತಣ್ಣಗೆ ತಗುಲಿದರೆ ಅದಕ್ಕೂ ಎಚ್ಚರ ಇರುತ್ತೆ ಅಂದರು. ಮಾರನೇ ತರಗತಿಯಿಂದ ಮೇಷ್ಟ್ರ ಎಡಗಾಲಿಗೆ ಬೂಟು, ಬಲಗಾಲು ಬರಿದು. ಸದ್ದು ಮಾತ್ರ ಬದಲಾಯಿತು. ಮೊದಲು ಧಡ್ ಅನ್ನುತ್ತಿದ್ದದ್ದು ಈಗ ಪಟ್ ಅಂತಿತ್ತು.

ಹುಡುಗಿ ಇನ್ನೊಂದು ಉಪಾಯ ಹೂಡಿದಳು. ಚುಚ್ಚುಮದ್ದಿನಲ್ಲಿ ರೋಗವನ್ನೇ ಸ್ವಲ್ಪ ಕೊಡುತ್ತಾರಲ್ಲ, ಹಾಗೆ ನಾನು ಬೇಕಂತಲೇ ತಪ್ಪು ಮಾಡುತ್ತಾ ಹೋಗುತ್ತೇನೆ, ನಿಮ್ಮ ಕಾಲಿಗೆ ರೂಢಿಯಾಗಲಿ ಅಂದಳು. ಸಾಲಿಗೆ ಎರಡರಂತೆ ತಪ್ಪು ನುಡಿಸಿದಳು. ಕಾಲು ಜಪ್ಪಯ್ಯ ಅಂದರೂ ಕದಲಲಿಲ್ಲ. ಇಬ್ಬರಿಗೂ ಖುಷಿಯೋ ಖುಷಿ. ಆ ಖುಷಿಯಲ್ಲೇ ಅವಳು ಮೈಮರೆತು ನಿಜವಾದ ತಪ್ಪೊಂದು ಮಾಡಿದಳು ನೋಡಿ, ಪಟ್. ಬೇಕಂತ ಮಾಡುವ ತಪ್ಪಿಗೂ ಕೈಮೀರಿ ಆಗುವ ತಪ್ಪಿಗೂ ಇರುವ ವ್ಯತ್ಯಾಸ ಆ ದರಿದ್ರ ಕಾಲಿಗೆ ಚೆನ್ನಾಗಿ ಗೊತ್ತಿತ್ತು.

ಹುಡುಗಿ ಹೆಡ್‌ಫೋನು ತೆಗೆದು ಪಿಯಾನೋದ ಮೇಲಿಟ್ಟಳು. ಅಳುತ್ತಾಳೇನೋ ಅಂತ ಮೇಷ್ಟ್ರು ಹೆದರಿದರು. ಅವಳು ಅಳಲಿಲ್ಲ. ಮೇಷ್ಟ್ರು ತಾವೇ ಬಾಯಿ ಹಾಕಿ, ನೀನು ಆ ಮೂರನೇ ಸಾಲಿನಲ್ಲಿ ಯಾಕಮ್ಮ ಪ್ರತಿ ಸಲ ತಪ್ಪುತ್ತೀಯ, ಅದೊಂದು ಸರಿಮಾಡಿಕೊಂಡರೆ ಕಾಲೂ ಸುಮ್ಮನಿರುತ್ತದಲ್ಲ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಿತ್ತು ಮಾತು. ಹುಡುಗಿ ಅವರ ಮುಖವನ್ನೇ ನೋಡಿದಳು.

"ಮೇಷ್ಟ್ರೇ, ನಿಮ್ಮ ಕಾರಲ್ಲಿ ನಾನು ಅಷ್ಟು ತಿಂಗಳು ಕಲಿತೆ. ಒಂದು ದಿನಾನೂ ನಾನು ಬ್ರೇಕ್ ಹಾಕಿಲ್ಲ ಗೊತ್ತಾ? ನಾನು ಹಾಕೋಕೆ ಮುಂಚೆ ನೀವೇ ಹಾಕ್ತಿದ್ರಿ. ಟೆಸ್ಟಿನ ದಿನ ಎದುರಿಗೆ ಲಾರಿ ಬಂತು, ಗಾಡಿ ತಾನಾಗೇ ನಿಲ್ಲುತ್ತೆ ಅಂತ ನಾನು ಆರಾಮಾಗಿ ಕೂತಿದ್ದೆ."

ಅವಳು ಮುಂದುವರಿಸಿದಳು, ಈಗಲೂ ದನಿ ಏರಿಸದೆ. "ತಪ್ಪು ಎಲ್ಲರೂ ಮಾಡ್ತಾರೆ. ತಪ್ಪಿದ ಮೇಲೆ ವಾಪಸು ದಾರಿಗೆ ಬರೋದು ಹೇಗೆ ಅಂತಾನೇ ನಾನು ಕಲಿಯಬೇಕಾಗಿರೋದು. ಅದಕ್ಕೆ ನೀವು ಜಾಗಾನೇ ಬಿಡಲ್ಲ."

ಆ ದಿನ ಮೇಷ್ಟ್ರಿಗೆ ಊಟ ಸೇರಲಿಲ್ಲ. ಒಂದು ಗೀರೂ ಬೀಳದ ಕಾರಿನ ಬಗ್ಗೆ ಊರೆಲ್ಲಾ ಹೇಳಿಕೊಂಡು ತಿರುಗಿದ್ದು ನೆನಪಾಗಿ ಮುಖ ಬಿಸಿಯಾಯಿತು. ಹೆಂಡತಿಯ ಹತ್ತಿರ ಎಲ್ಲ ಹೇಳಿದರು. ಹೇಳಿ, ಅವಳು ಹಾಗೆ ಅಂದುಬಿಡೋದಾ, ನಾನು ಒತ್ತದೇ ಇದ್ದಿದ್ದರೆ ಏನಾಗುತ್ತಿತ್ತು, ಅಂತ ಕೇಳಿದರು. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಏನಾಗ್ತಿತ್ತೋ ಯಾರಿಗ್ರೀ ಗೊತ್ತು? ನೀವು ಆಗೋಕೆ ಬಿಟ್ಟಿದ್ರೆ ತಾನೇ."

ಇಷ್ಟು ಹೇಳಿ ಅವರು ಯಂತ್ರ ತುಳಿಯುತ್ತಾ ಹೋದರು. ಬೇರೆ ದಿನವಾಗಿದ್ದರೆ ಮೇಷ್ಟ್ರು ನಾಲ್ಕು ಮಾತು ಆಡುತ್ತಿದ್ದರು. ಅವತ್ತು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು, ಒಂದಕ್ಷರ ಓದಲಿಲ್ಲ.

ಪರೀಕ್ಷೆ ತರಗತಿಯ ಕೋಣೆಯಲ್ಲಲ್ಲ, ಕಾಲೇಜಿನ ಸಭಾಂಗಣದಲ್ಲಿ, ನಿಜವಾದ ಪಿಯಾನೋದ ಮೇಲೆ. ಕಪ್ಪಗೆ ಹೊಳೆಯುವ ಮುಚ್ಚಳ ಎತ್ತಿ ನಿಲ್ಲಿಸಿದ್ದರು. ಹೆಡ್‌ಫೋನಿಲ್ಲ, ಗುಂಡಿಯಿಲ್ಲ, ಮಾಡಿದ್ದೆಲ್ಲ ಎಲ್ಲರ ಕಿವಿಗೆ. ಪರೀಕ್ಷಕರು ಬೇರೆ ಊರಿನಿಂದ ಬಂದವರು, ನೆಗಡಿಯಾಗಿತ್ತು, ಕರವಸ್ತ್ರ ಒಂದು ಕೈಲಿ, ಪೆನ್ನು ಇನ್ನೊಂದು ಕೈಲಿ. ಮೊದಲು ಒಬ್ಬೊಬ್ಬರ ಸರದಿ. ಹುಡುಗಿ ತನ್ನದನ್ನು ಚೆನ್ನಾಗಿಯೇ ನುಡಿಸಿ ಬಂದಳು. ಮೇಷ್ಟ್ರು ಒಂದೇ ಬೂಟು ತೊಟ್ಟು ವೇದಿಕೆ ಹತ್ತಿದಾಗ ಪರೀಕ್ಷಕರು ಅವರ ಕಾಲನ್ನೂ ಮುಖವನ್ನೂ ನೋಡಿ, ಕೇಳುವುದೋ ಬೇಡವೋ ಅಂತ ಯೋಚಿಸಿ, ಮೂಗು ಒರೆಸಿಕೊಂಡು ಸುಮ್ಮನಾದರು.

ಮೇಷ್ಟ್ರ ಒಂಟಿ ವಾದನದ ಕಥೆಯನ್ನು ಚುಟುಕಾಗಿ ಹೇಳಿ ಮುಗಿಸಿಬಿಡೋಣ, ಅವರ ಮರ್ಯಾದೆಯ ಪ್ರಶ್ನೆ. ನಡುವೆ ಎಲ್ಲೋ ಕಿರುಬೆರಳು ಜಾರಿತು, ಪಟ್. ತರಗತಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ತಪ್ಪು ಎಷ್ಟಾದರೂ ಎರಡು ಕಿವಿಯ ನಡುವೆ ಇರುತ್ತಿತ್ತು. ಇಲ್ಲಿ ಅದು ತಂತಿಗಳ ಮೇಲೆ ಎದ್ದು, ಚಾವಣಿಗೆ ಬಡಿದು, ಹಿಂದಿನ ಸಾಲಿನ ಖಾಲಿ ಕುರ್ಚಿಗಳನ್ನೆಲ್ಲ ಮಾತಾಡಿಸಿಕೊಂಡು ನಿಧಾನವಾಗಿ ವಾಪಸು ಬಂತು. ಪರೀಕ್ಷಕರು ಅದು ಪೂರ್ತಿ ಅಡಗುವವರೆಗೆ ಕಾದು ಆಮೇಲೆ ಬರೆದುಕೊಂಡರು. ತಮ್ಮ ಕಥೆ ಮುಗಿಯಿತು ಅಂತ ಮೇಷ್ಟ್ರಿಗೆ ಅಲ್ಲೇ ಗೊತ್ತಾಯಿತು. ವಿಚಿತ್ರ ಅಂದರೆ ಅದರಿಂದ ಅವರಿಗೆ ಒಂಥರಾ ಹಗುರವೇ ಆಯಿತು. ಇನ್ನು ಕಾಯಬೇಕಾದದ್ದು ತಮ್ಮದಲ್ಲ, ಹುಡುಗಿಯದ್ದು.

ಜೋಡಿ ಹಾಡಿಗೆ ಕೂತರು. ಅವಳು ಬಲಕ್ಕೆ, ಇವರು ಎಡಕ್ಕೆ. ಅವಳ ಕೈ ತಣ್ಣಗಾಗಿತ್ತು, ತೊಡೆಗೆ ಉಜ್ಜಿಕೊಳ್ಳುತ್ತಿದ್ದಳು. ಮೇಷ್ಟ್ರು ತಲೆ ಆಡಿಸಿದರು, ಹೊರಟರು. ಮೊದಲ ಪುಟ ಎಷ್ಟು ನಯವಾಗಿ ಹೋಯಿತು ಅಂದರೆ, ಕಿಟಕಿಯ ಪಕ್ಕ ನಿಂತಿದ್ದ ಟೀಚರ್ ಕೈಕಟ್ಟಿದ್ದನ್ನು ಸಡಿಲ ಬಿಟ್ಟರು. ಮೇಷ್ಟ್ರ ಕಾಲು ಕೂಡ ಹೇಳಿದ ಮಾತು ಕೇಳಿಕೊಂಡು ಹದವಾಗಿ ಏರಿಳಿಯುತ್ತಿತ್ತು.

ಎರಡನೇ ಪುಟದ ಮೊದಲ ಸಾಲಿನಲ್ಲಿ ಅವಳ ಬಲಗೈ ಒಮ್ಮೆಲೇ ಮೇಲಕ್ಕೆ ಹಾರಬೇಕು. ಹಾರಿತು, ಪಕ್ಕದ ಕೀ ಮೇಲೆ ಬಿತ್ತು. ಸರಿಪಡಿಸಲು ಹೋಗಿ ಎಡಗೈಯೂ ತಪ್ಪಿತು. ಮರುಕ್ಷಣ ಅವಳ ಎರಡು ಕೈಯೂ ಕೀಗಳ ಮೇಲೆ ಗಾಳಿಯಲ್ಲಿ ನಿಂತುಬಿಟ್ಟವು. ಎಲ್ಲಿಗೆ ಹೋಗಬೇಕು ಅಂತಲೇ ಅವಳಿಗೆ ತಿಳಿಯುತ್ತಿಲ್ಲ ಅನ್ನುವುದು ಮೇಷ್ಟ್ರಿಗೆ ಪಕ್ಕದಿಂದಲೇ ಕಂಡಿತು. ಸ್ಟಿಯರಿಂಗ್ ಕೈಬಿಟ್ಟು ಕೂತವರ ಮುಖ ಅವರಿಗೆ ಗೊತ್ತಿಲ್ಲವೇ?

ಬಲಗಾಲು ಎದ್ದಿತು. ಇಪ್ಪತ್ತು ವರ್ಷದ ಕಾಲು, ಹೇಳಿ ಕೇಳುವ ಪೈಕಿಯಲ್ಲ. ಅದು ಪೆಡಲಿನ ಮೇಲೆ ಎರಗುವಷ್ಟರಲ್ಲಿ ಮೇಷ್ಟ್ರು ಹಲ್ಲು ಕಚ್ಚಿ ಅದನ್ನು ಹಿಂದಕ್ಕೆ ಎಳೆದು ನೆಲಕ್ಕೆ ಊರಿದರು. ಊರಿದ್ದು ಸಾಲದು ಅಂತ, ಎಡಗಾಲನ್ನು ತಂದು, ಬೂಟಿನ ಹಿಮ್ಮಡಿಯನ್ನು ಆ ಬರಿಗಾಲಿನ ಬೆರಳುಗಳ ಮೇಲಿಟ್ಟು, ಮೈಭಾರವನ್ನೆಲ್ಲ ಹಾಕಿ ತುಳಿದು ಹಿಡಿದರು. ಕಣ್ಣಲ್ಲಿ ನೀರು ಚಿಮ್ಮಿತು. ಕೈಗಳು ಮಾತ್ರ ನಿಲ್ಲಲಿಲ್ಲ. ಹಾಡಿಲ್ಲದ ಬರೀ ತಾಳವನ್ನು, ರಸ್ತೆ ಖಾಲಿಯಿದ್ದರೂ ನೇರ ಹೋಗುವವರ ಹಾಗೆ, ನುಡಿಸುತ್ತಾ ಹೋದವು. ಪರೀಕ್ಷಕರು ಪೆನ್ನು ಎತ್ತಿದರು.

ಒಬ್ಬರು ತಪ್ಪಿದ್ದಕ್ಕೂ ಅದರ ಮುಂದಿನದಕ್ಕೂ ನಡುವೆ ಏನಿರುತ್ತದೆ ಅಂತ ಮೇಷ್ಟ್ರು ಇಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ. ಯಾವತ್ತೂ ಅಲ್ಲಿಗೆ ಕಾಲು ಹಾಕಿಬಿಡುತ್ತಿದ್ದರಲ್ಲ. ಇವತ್ತು ನೋಡಿದರು. ಹುಡುಗಿ ಉಸಿರು ಬಿಟ್ಟಳು. ತಲೆ ಸ್ವಲ್ಪ ಎಡಕ್ಕೆ ವಾಲಿಸಿ ಇವರ ತಾಳವನ್ನು ಕೇಳಿಸಿಕೊಂಡಳು. ಪುಟದ ಮೇಲೆ ಅವಳ ಕಣ್ಣು ಒಂದು ಸಾಲು ಕೆಳಕ್ಕೆ ಇಳಿಯಿತು, ಹುಡುಕಿತು, ಹಿಡಿಯಿತು. ಆಮೇಲೆ ಎರಡೂ ಕೈ ಇಳಿಸಿ, ಸರಿಯಾದ ಜಾಗದಲ್ಲಿ, ಸರಿಯಾದ ಕೀಗಳ ಮೇಲೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸೇರಿಕೊಂಡಳು. ಯಾರೂ ಅವಳನ್ನು ನಿಲ್ಲಿಸಲಿಲ್ಲ, ಯಾರೂ ಎತ್ತಲಿಲ್ಲ, ಅವಳೇ ಬಂದಳು. ಮೇಷ್ಟ್ರಿಗೆ ಅಳು ಬಂತು, ಅರ್ಧ ಕಾಲುನೋವಿಗೆ, ಅರ್ಧ ಅದಕ್ಕೆ.

ಹಾಡು ಮುಗಿಯುವವರೆಗೆ ಅವರು ಆ ಬೂಟು ತೆಗೆಯಲಿಲ್ಲ. ತೆಗೆದರೆ ಕಾಲು ಏನು ಮಾಡೀತೋ ಅಂತ ನಂಬಿಕೆಯಿರಲಿಲ್ಲ. ಹಾಗಾಗಿ ಎರಡನೇ ಪುಟ ಪೂರ್ತಿ ಪೆಡಲ್ ಇಲ್ಲದೆ, ಒಣಗಿದ ರೊಟ್ಟಿಯ ಹಾಗೆ ಹೋಯಿತು. ಎರಡನೇ ಪುಟಕ್ಕೆ ಪೆಡಲ್ ಯಾಕೆ ಬಳಸಲಿಲ್ಲ ಅಂತ ಪರೀಕ್ಷಕರು ಕೇಳಿದರು. ಕಾಲು ಖಾಲಿ ಇರಲಿಲ್ಲ ಸಾರ್, ಅಂದರು ಮೇಷ್ಟ್ರು. ಪರೀಕ್ಷಕರಿಗೆ ಆ ದಿನ ಇನ್ನೂ ನಾಲ್ಕು ಜೋಡಿ ಕೇಳುವುದಿತ್ತು, ಮುಂದೆ ಕೆದಕಲಿಲ್ಲ.

ಫಲಿತಾಂಶ ಸಂಜೆಗೆಲ್ಲ ಬಂತು. ಒಬ್ಬರ ಅಂಕ ಇನ್ನೊಬ್ಬರಿಗೆ ತಿಳಿದು ನಾಚಿಕೆಯಾಗಬಾರದು ಅಂತ ಟೀಚರ್ ಎಲ್ಲರನ್ನೂ ಹಳೇ ಟೈಪಿಂಗ್ ಕೋಣೆಯಲ್ಲಿ ಅವರವರ ಪಿಯಾನೋ ಮುಂದೆ ಕೂರಿಸಿ, ಹೆಡ್‌ಫೋನು ಹಾಕಿಕೊಳ್ಳಲು ಹೇಳಿ, ಒಂದೊಂದೇ ಗುಂಡಿ ಒತ್ತಿ ಕಿವಿಯಲ್ಲೇ ಹೇಳುತ್ತಾ ಬಂದರು. ಎಷ್ಟು ಒಳ್ಳೆಯ ಮನಸ್ಸು. ಹಲ್ಲಿನ ಡಾಕ್ಟರು ಕೇಳಿ ನಕ್ಕರು. ಇನ್ನೊಬ್ಬರು ಕೇಳಿ ಕಿಟಕಿ ನೋಡಿದರು. ಆಮೇಲೆ ಮೇಷ್ಟ್ರ ಸರದಿ. ಜೋಡಿ ಹಾಡಿನಲ್ಲಿ ಪಾಸಾಗಲು ಎಷ್ಟು ಬೇಕೋ ಅಷ್ಟು ಬಂದಿದೆ, ಒಂಟಿ ವಾದನದಲ್ಲಿ ಹೋಗಿದೆ, ಮುಂದಿನ ವರ್ಷ ಮತ್ತೆ ಕೂರಬೇಕು ಅಂತ ಟೀಚರ್ ಮೆಲ್ಲಗೆ, ನೋವಾಗದ ಹಾಗೆ ಹೇಳಿದರು.

"ನಾನು ಫೇಲಾ?" ಅಂದರು ಮೇಷ್ಟ್ರು, ಕಾರಿಡಾರಿನ ಆಚೆಯವರಿಗೂ ಕೇಳುವ ಹಾಗೆ. "ಹೋಗ್ಲಿ ಬಿಡಿ ಟೀಚರ್. ನಮ್ಮ ಹುಡುಗಿದು ಏನಾಯ್ತು?"

ಇಡೀ ಕೋಣೆ ತಿರುಗಿ ನೋಡಿತು. ಟೀಚರ್ ಪೆಟ್ಟಿಗೆಯ ಇನ್ನೊಂದು ಗುಂಡಿ ಒತ್ತಿ ಏನೋ ಹೇಳಿದರು. ಎದುರಿನ ಸಾಲಿನಲ್ಲಿ ಹುಡುಗಿ ಎರಡು ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು. ಕೇಳಿ, ಹಾಗೇ ಮುಂದಕ್ಕೆ ಬಾಗಿ ಹಣೆಯನ್ನು ಕೀಗಳ ಮೇಲಿಟ್ಟಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ಮೇಷ್ಟ್ರ ಕಾಲು ನೆಲಕ್ಕೆ ಧಡ್ ಅಂತ ಬಿತ್ತು, ನೋವಿಗೆ ಅಯ್ಯಪ್ಪಾ ಅಂದರು. ಅವಳು ತಲೆ ಎತ್ತಿದಾಗ ಹಣೆಯ ಮೇಲೆ ಕೀಗಳ ಗೆರೆ ಮೂಡಿತ್ತು, ಮುಖದ ತುಂಬ ನಗು.

ಹೊರಗೆ ಬರುವಾಗ ಮೇಷ್ಟ್ರು ಕುಂಟುತ್ತಿದ್ದರು. ಬೆರಳು ಊದಿ ಬೂಟು ತೊಡಲು ಆಗುತ್ತಿರಲಿಲ್ಲ, ಅದನ್ನು ಕೈಯಲ್ಲಿ ಹಿಡಿದಿದ್ದರು. ಹುಡುಗಿ ಮೆಟ್ಟಿಲಿನ ಹತ್ತಿರ ಅವರಿಗಾಗಿ ನಿಂತಿದ್ದಳು. ನಾಳೆಯೇ ಪತ್ರ ಒಯ್ದು ಮುಖ್ಯಸ್ಥೆಯ ಮೇಜಿನ ಮೇಲಿಡುತ್ತೇನೆ, ಆಮೇಲೆ ಕೋಣೆ ನೋಡಲು ಹೋಗುತ್ತೇನೆ, ಕಿಟಕಿ ಇಲ್ಲದಿದ್ದರೂ ಸರಿ ಬಾಗಿಲಿಗೆ ಚಿಲಕ ಇರಬೇಕು ಅಂತ ಒಂದೇ ಉಸಿರಿನಲ್ಲಿ ಹೇಳಿದಳು. ನಿಮ್ಮದು ಹೋಯಿತಲ್ಲ ಅಂತ ಬೇಜಾರು ಮಾಡಿಕೊಂಡಳು. ಮೇಷ್ಟ್ರು, ಪಿಯಾನೋ ಎಲ್ಲಿಗೂ ಓಡಿಹೋಗಲ್ಲ ಅಂದರು. ಅವಳು ಅವರ ಕೈಯಲ್ಲಿದ್ದ ಬೂಟನ್ನು ನೋಡಿ ಕೇಳಿದಳು.

"ನಾನು ದಾರಿ ತಪ್ಪಿ ನಿಂತಾಗ ನೀವು ಏನು ಮಾಡಿದ್ರಿ ಮೇಷ್ಟ್ರೇ? ನನಗೇನೂ ಕೇಳಿಸಲಿಲ್ಲ."

"ಏನೂ ಮಾಡಲಿಲ್ಲ ಕಣಮ್ಮ," ಅಂದರು ಮೇಷ್ಟ್ರು. "ಹುಟ್ಟಿದಾಗಿನಿಂದ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ."